ಬರುವ ಗಾಡಿ, ಹೋಗುವ ಗಾಡಿ

ಇಪ್ಪತ್ಮೂರು ಜನ ಆಡುವ ನಮ್ಮ ಸರ್ವರಿನಲ್ಲಿ
ಎಲ್ಲರದೂ ಒಂದೇ ಜಾತಿಯ ಕಾರು:
ನೆಲಕ್ಕೆ ಹೊಟ್ಟೆ ತಾಗುವಂಥವು,
ಹೊಸನಗರ ಬಸ್‌ಸ್ಟ್ಯಾಂಡಿನ ಹಂಪು ದಾಟಲಾರದಂಥವು.
ಸಾಕಾಗಿತ್ತು.
ಹಸನಬ್ಬನ ಮೀನಿನ ಗಾಡಿ ಹಾಕ್ತೀನಿ ಅಂದೆ.
ನಕ್ಕರು.

ಮರುದಿನ ಟೇಪು ಹಿಡಿದು ಹೋದೆ.
"ಏನು, ಗಾಡಿಗೆ ಅಂಗಿ ಹೊಲಿಸ್ತೀಯಾ?"
ಅಂದ, ತಕ್ಕಡಿಯಿಂದ ಕಣ್ಣೆತ್ತದೆ.
ಹೇಳಿದೆ. ತಿಳಿಯಿತೋ ಇಲ್ಲವೋ,
ಎಡಬಾಗಿಲ ತಗ್ಗು ತೋರಿಸಿ
"ಇದನ್ನೂ ಹಾಕು. ಹುಲಿಕಲ್ ಘಾಟಿ ಕೊಟ್ಟದ್ದು."

ತಿಂಗಳು ಹಿಡಿಯಿತು.
ಮೊದಲ ಸಲ ಗಾಡಿಯೇ ಕಾಣಲಿಲ್ಲ.
ಫೈಲಿನ ಹೆಸರಲ್ಲಿ ಒಂದಕ್ಷರ ತಪ್ಪು;
ಸ್ಟೇರಿಂಗಿಲ್ಲ, ಸೀಟಿಲ್ಲ,
ಗಾಳಿಯಲ್ಲಿ ಕುಕ್ಕರಗಾಲಲ್ಲಿ ಕೂತು ಊರು ಸುತ್ತಿದೆ.
ಆಮೇಲೆ ಚಕ್ರ ಡಾಂಬರಿನೊಳಗೆ ಮುಳುಗಿತು.
ಕೊನೆಗೆ ಎಲ್ಲ ಸರಿ, ಆದರೆ
ಏರು ಹತ್ತಿತು, ಆಡಿನ ಮರಿಯ ಹಾಗೆ.

"ಹಾಗೆ ಹತ್ತಲಿಕ್ಕುಂಟಾ ಮಾರಾಯ್ತಿ?"
ಫೋನಿನಲ್ಲಿ ನೋಡಿ ಹಸನಬ್ಬನಿಗೆ ನಿಜಕ್ಕೂ ಬೇಸರ.
"ಐಸು ಹಾಕಿದ್ದೀಯಾ ಇಲ್ಲವಾ?
ಬರುವಾಗ ಒಂದನೇ ಗೇರು, ಎದೆ ಒಡೆಯುವ ಹಾಗೆ.
ಹೋಗುವಾಗ ಖಾಲಿ. ಹಿಂದಿನ ಚಕ್ರಕ್ಕೆ ಹುಡುಗಾಟ."

ತೂಕಕ್ಕೆ ಫೈಲಿನಲ್ಲಿರುವುದು ಒಂದೇ ಸಾಲು,
ಐಸು ಕರಗುವುದನ್ನು ಬರೆಯಲು ಜಾಗವಿಲ್ಲ.
ಅದಕ್ಕೇ ಎರಡು ಗಾಡಿ ಮಾಡಿದೆ,
ಬರುವುದೊಂದು, ಹೋಗುವುದೊಂದು.
ನಡುವೆ ಮಾರಿದ್ದನ್ನು ನೀವೇ ತಿಳಿದುಕೊಳ್ಳಿ.

ರಾತ್ರಿ ಹನ್ನೊಂದಕ್ಕೆ ಸರ್ವರು ಮುಚ್ಚಿ ತೆರೆದೆ.
ಒಂದೂ ಮೀನಿಲ್ಲದ ಸಮುದ್ರದ ಪಕ್ಕ
ಎಂಟು ಸಾಲಿನ ರಸ್ತೆಯಲ್ಲಿ
ಹಸನಬ್ಬನ ಹಾರನ್ನು ಹೊಡೆದೆ:
ಎರಡು ಗಿಡ್ಡ, ಒಂದು ಉದ್ದ,
ಕೊನೆಗೆ ಸ್ವಲ್ಪ ಗಂಟಲು ಕಟ್ಟಿದ್ದು.
ಇಪ್ಪತ್ತೆರಡು ಕಾರು ಬದಿಗೆ ನಿಂತವು.
ಯಾರೋ ಬರೆದರು: ಬೂತಾಯಿ ಹೇಗೆ ಕೇಜಿ?

ಇಲ್ಲಿ, ಕೋಣೆಯ ಬಾಗಿಲು ತಳ್ಳಿ
ಚುಕ್ಕಿ ಬಂತು. ನಿದ್ದೆಗಣ್ಣು, ಬಾಲ ನೆಟ್ಟಗೆ.
ಸ್ಪೀಕರು ಮೂಸಿತು.
ಸಿಪಿಯು ಬೆನ್ನ ಬಿಸಿಗಾಳಿ ಮೂಸಿತು.
ನನ್ನ ಮುಖ ನೋಡಿತು.
ಆಟ ಅಂತ ಬೆಕ್ಕಿಗೆ ಹೇಗೆ ಹೇಳುವುದು?
ತಮಾಷೆಯೆಂದು ಇನ್ನೊಮ್ಮೆ ಹೊಡೆದೆ.
ಹೊಡೆಯಬಾರದಿತ್ತು.

ಬೆಳಿಗ್ಗೆ ಏಳೂವರೆಗೆ ಕೆಳಗೆ ನಿಜದ ಹಾರನ್ನು.
ಚುಕ್ಕಿ ಒಂದು ಕಿವಿ ತಿರುಗಿಸಿತು, ಏಳಲಿಲ್ಲ.
ನಾನೇ ಓಡಿದೆ ಚಿಲ್ಲರೆ ಹಿಡಿದು.
"ಅರ್ಧ ಕೇಜಿ ಬಂಗುಡೆ. ಒಂದು ಬೇರೆ ಕಟ್ಟು,
ಸಾಲ ತೀರಿಸೋದಿದೆ."
"ಯಾರು ಮಾಡಿದ ಸಾಲ?"
"ನಿನ್ನ ಗಾಡಿ."

ಅವ ಮೊಣಕೈಯಿಂದ ಗುದ್ದಿ ಎಡಬಾಗಿಲು ಮುಚ್ಚಿದ.
ಗುದ್ದಿದರಷ್ಟೇ ಮುಚ್ಚುತ್ತದೆ ಅದು.
ನನ್ನ ಎರಡೂ ಗಾಡಿಯಲ್ಲಿ
ಬಾಗಿಲು ಮುಟ್ಟಿದರೆ ಸಾಕು, ಮುಚ್ಚಿಕೊಳ್ಳುತ್ತದೆ.