ಎರಡನೆಯ ಜಾಕು

ಬ್ಯೂರಿನ್ ರಸ್ತೆಯ ಪ್ರತಿ ಗುಂಡಿಗೂ
ಮುಂದಿನ ಎಡಚಕ್ರದ ಹತ್ತಿರ ಯಾರೋ
ಬೆರಳಗೆಣ್ಣಿನಿಂದ ಕದ ತಟ್ಟಿದ ಹಾಗೆ: ಟಕ್.
"ಬಂದರು ನೋಡು," ಅನ್ನುತ್ತಿದ್ದಳು ಸೆಲಿನಾ
ಪಕ್ಕದ ಸೀಟಿನಿಂದ, ಎಂಬತ್ತನಾಲ್ಕರ ನಗು ನಕ್ಕು.
ಮತ್ತೊಂದು ಗುಂಡಿ. ಟಕ್ ಟಕ್.
"ಒಳಗೆ ಕರಿಯೇ, ಪಾಪ, ಮಂಜಿನಲ್ಲಿ ನಿಂತಿದ್ದಾರೆ."

ಚಳಿಗಾಲಕ್ಕೆಂದು ರಸ್ತೆಗೆ ಚೆಲ್ಲುವ ಉಪ್ಪು
ಹಿಮವನ್ನು ತಿಂದು ಮುಗಿಸಿ
ಹಸಿವು ಹಿಂಗದೆ ಕಬ್ಬಿಣಕ್ಕೆ ಬಾಯಿ ಹಾಕುತ್ತದೆ.
ಗ್ಯಾರೇಜಿನ ಕ್ಲೆಮ್ ಹೇಳಿದ ರೇಟು
ಏಡಿ ಕಾರ್ಖಾನೆಯಲ್ಲಿ ನನ್ನ ಎರಡು ವಾರ.
ಹಾಗಾಗಿ ಆ ಭಾನುವಾರ ಇಗರ್ಜಿ ತಪ್ಪಿಸಿ
ಅಂಗಳದ ಜಲ್ಲಿಯ ಮೇಲೆ, ಕಳಚಿದ ಚಕ್ರದ ಜಾಗದೆದುರು
ಮಂಡಿಯೂರಿದೆ.
ಸೆಲಿನಾ ಉಪ್ಪುಮೀನಿನ ಬಕೆಟ್ಟು ಬೋರಲು ಹಾಕಿ ಕೂತಳು,
ಮಡಿಲ ತುಂಬ ಪಾನಾಗಳು.

ಗೇಣುದ್ದದ ಕಡ್ಡಿ, ಎರಡು ತುದಿಗೂ ಒಂದೊಂದು ಗುಂಡು ಕೀಲು.
ಸ್ವೇ ಬಾರ್ ಲಿಂಕ್ ಅಂದರೆ ಇಷ್ಟೇ.
ಒಂದು ಚಕ್ರ ಹಳ್ಳಕ್ಕಿಳಿದರೆ
ಅಡ್ಡ ಸರಳಿನ ಮೂಲಕ ಆಚೆ ಚಕ್ರಕ್ಕೆ ಸುದ್ದಿ ಮುಟ್ಟಿಸುತ್ತದೆ,
ತಿರುವಿನಲ್ಲಿ ಕಾರು ಒಂದೇ ಕಡೆ ವಾಲದಂತೆ.
ಕೀಲು ಸವೆದಿತ್ತು. ಸುದ್ದಿ ತಡವಾಗಿ ಮುಟ್ಟುತ್ತಿತ್ತು.

ನಟ್ಟು ಜಗ್ಗಲಿಲ್ಲ.
ತುಕ್ಕು ಬಿಡಿಸುವ ಎಣ್ಣೆ ಹೊಡೆದು ಚಹಾ ಕುಡಿದೆವು,
ಮತ್ತೆ ಹೊಡೆದು ಮತ್ತೆ ಕುಡಿದೆವು.
ಪಾನಾ ತಿರುಗಿಸಿದರೆ ಬೋಲ್ಟೂ ಜೊತೆಗೇ ತಿರುಗುತ್ತದೆ,
ಹೌದಪ್ಪನ ಚಾವಡಿಯ ಹೌದಪ್ಪ.
ಅದರ ತುದಿಯ ಆರು ಮೂಲೆಯ ತೂತಿಗೆ
ಅಲೆನ್ ಕೀ ಕೊಟ್ಟು ಹಿಡಿಯಬೇಕಂತೆ.
ಎಲ್ಲಿಯ ಮೂಲೆ? ತುಕ್ಕು ತಿಂದು ತೇಗಿತ್ತು.
ಕೊನೆಗೆ ಗರಗಸ. ಮುಕ್ಕಾಲು ಗಂಟೆ.
ಆ ಮುಕ್ಕಾಲು ಗಂಟೆ ನಾನಾಡಿದ ಮಾತಿಗೆ
ಸೆಲಿನಾ ಕಿವಿಯ ಯಂತ್ರ ಆರಿಸಿಕೊಂಡಳು.

ಹೊಸ ಲಿಂಕು ಹಾಕಹೋದರೆ
ತೂತಿಗೂ ಬೋಲ್ಟಿಗೂ ಎರಡು ಬೆರಳು ದೂರ.
ಎಳೆದೆ, ಒದ್ದೆ, ಸಲಾಕೆ ಕೊಟ್ಟು ಮೀಟಿದೆ.
ಸರಳು ಬಿಗಿದುಕೊಂಡೇ ಇತ್ತು.
ಆಗ ಅವಳು,
ಗಂಡನ ದೋಣಿಯ ಒಂಟಿ ಸಿಲಿಂಡರಿನ ಎಂಜಿನ್ನಿಗೆ
ನಲವತ್ತು ವರ್ಷ ಗ್ರೀಸು ಉಣಿಸಿದವಳು:
"ಒಂದೇ ಮಗ್ಗುಲು ಎತ್ತಿದ್ದೀಯ.
ಆ ಕಡೆಯದು ಇನ್ನೂ ನೆಲ ಹಿಡಿದಿದೆ, ಸರಳು ತಿರುಚಿಕೊಂಡಿದೆ.
ಎರಡೂ ಎತ್ತು, ಫಿಲೊಮಿನಾ."

ಎರಡನೆಯ ಜಾಕು ಇತ್ತು ನಮ್ಮಲ್ಲಿ,
ಶೆಡ್ಡಿನ ಮೂಲೆಯ ಪೆಟ್ಟಿಗೆಯೊಳಗೆ.
ಪೆಟ್ಟಿಗೆ ಅವನದು. ಅವಳ ಮಗ, ನನ್ನ ಗಂಡನಾಗಿದ್ದವನು,
ಹ್ಯಾಲಿಫ್ಯಾಕ್ಸಿನಲ್ಲಿ ಈಗ
ಬೇರೊಬ್ಬಳ ಸಿಂಕಿನ ನಲ್ಲಿ ರಿಪೇರಿ ಮಾಡುತ್ತಿರುವವನು.
ಆರು ವರ್ಷ ಆ ಮುಚ್ಚಳ ನಾನು ತೆಗೆದಿರಲಿಲ್ಲ,
ತೆಗೆ ಎಂದು ಅವಳೂ ಅಂದಿರಲಿಲ್ಲ.
ಅವನು ಹೋದ ದಿನ
ಯಾರು ಯಾರ ಮನೆಯಲ್ಲಿದ್ದೇವೆ ಎಂಬ ಮಾತು ಬರಬಹುದಿತ್ತು;
ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು, ಇಬ್ಬರಿಗಾಗುವಷ್ಟು.

ತೆಗೆದೆ.
ಜಾಕಿನ ಮೇಲೆ ಒಂದು ಜೊತೆ ಉಣ್ಣೆಯ ಕೈಗವಸು,
ಬೆರಳು ಇನ್ನೂ ಮಡಚಿಕೊಂಡು.
ಸೆಲಿನಾ ತಿರುಗಿಸಿ ಮುರುಗಿಸಿ ನೋಡಿದಳು, ತನ್ನದೇ ಹೆಣಿಗೆ.
ತೊಟ್ಟುಕೊಂಡಳು. "ಚಳಿ," ಅಂದಳು.

ಎರಡೂ ಕಡೆ ಎದ್ದು ಕಾರು ಸ್ಟ್ಯಾಂಡುಗಳ ಮೇಲೆ ಕೂತಿತು.
ಸರಳು ಉಸಿರು ಬಿಟ್ಟಿತು.
ಬೋಲ್ಟು ತೂತಿಗೆ ಹೋದದ್ದು
ಬೆಣ್ಣೆಯೊಳಗೆ ಬೆರಳು ಹೋದ ಹಾಗೆ.
ಬಲಗಡೆಯದಕ್ಕೂ ಗರಗಸ, ಬೈಗುಳ ಮಾತ್ರ ಕಡಿಮೆ.

ನಾನು ನಿಪ್ಪಲ್ಲಿಗೆ ಗ್ರೀಸ್ ಗನ್ನಿನ ಮೂತಿ ಹಿಡಿದೆ,
ಅವಳು ಅದುಮಿದಳು. ಒಂದು. ಎರಡು.
ರಬ್ಬರಿನ ಬೂಟು ಮಗುವಿನ ಕೆನ್ನೆಯಂತೆ ಉಬ್ಬಿತು.
"ಸಾಕು. ಹೆಚ್ಚಾದರೆ ಸಿಡಿಯುತ್ತೆ."
ಅವನ ಕೈಗವಸಿನ ಹೆಬ್ಬೆರಳಿಗೆ ಕೆಂಪು ಗ್ರೀಸು ಮೆತ್ತಿತು.
ಒರೆಸಲು ನಾನು ಬಟ್ಟೆ ಕೊಟ್ಟೆ; ಅವಳು ಒರೆಸಲಿಲ್ಲ.

ಸಂಜೆ ದೀಪಸ್ತಂಭದವರೆಗೆ ಹೋಗಿಬಂದೆವು,
ಗುಂಡಿಗಳನ್ನೇ ಹುಡುಕಿ ಹುಡುಕಿ ಹತ್ತಿಸುತ್ತ.
ಎಡಚಕ್ರ ಇಳಿಯಿತು, ಎದ್ದಿತು, ಸದ್ದಿಲ್ಲ.
"ಹೊರಟೇ ಹೋದರೇನೇ," ಅಂದಳು, ಕೊಂಚ ಬೇಸರದಲ್ಲಿ.

ಆಮೇಲೆ, ಹಿಂದಿನ ಬಲಚಕ್ರದಿಂದ, ಸಣ್ಣಗೆ:
ಕಿರ್ರ್.
ನಾನು ಕೊಲ್ಲಿಯ ಕಡೆ ನೋಡಿದೆ, ಅವಳು ಬೆಟ್ಟದ ಕಡೆ.
ಅವಳ ಕಿವಿಯ ಯಂತ್ರ ಆನ್ ಇತ್ತು.