ನಲವತ್ತೇಳು ನಿಮಿಷ

ಔಲು ಊರಿನ ಆ ಆಫೀಸಿನಲ್ಲಿ ಆಗ
ಒಂದು ಬಿಲ್ಡ್ ಅಂದರೆ ನಲವತ್ತೇಳು ನಿಮಿಷ.
ಕೀಲಿ ಒತ್ತಿ, ರೈಯಾ ಡ್ರಾಯರಿನಿಂದ
ಉಣ್ಣೆಯುಂಡೆ ತೆಗೆಯುತ್ತಿದ್ದಳು,
ಬೂದು ಬಣ್ಣದ್ದು. ಐದು ಸೂಜಿ.
ಪರದೆಯ ಮೇಲೆ ಕಡತಗಳ ಸಾಲು ಓಡುತ್ತಿದ್ದರೆ
ಅವಳ ಬೆರಳು ತನ್ನ ಪಾಡಿಗೆ ತನ್ನ ಸಾಲು ಎಣಿಸುತ್ತಿತ್ತು.

ತೌನೊ ಬೂಟು ಮೆಟ್ಟಿ ಹೊಳೆಗೆ ಹೊರಡುತ್ತಿದ್ದ.
ಮಂಜುಗಡ್ಡೆ ಕೊರೆದ ತೂತಿನಲ್ಲಿ ಗಾಳ ಇಳಿಬಿಟ್ಟು
ಅಂಗೈಯಗಲದ ಮೀನಿಗೆ ಕೂತು
ಬರಿಗೈಲಿ ಬರುತ್ತಿದ್ದ; ಮುಖ ಮಾತ್ರ
ಯಾರೋ ಔತಣವಿಟ್ಟು ಕಳಿಸಿದ ಹಾಗೆ.

ಪಾಸಿ ಕದಲುತ್ತಿರಲಿಲ್ಲ.
ಶೇಕಡಾ ಅರವತ್ತು, ಅರವತ್ತೊಂದು...
ಹಾಲಿಟ್ಟು ಒಲೆ ಮುಂದೆ ನಿಂತವನ ಹಾಗೆ.
ಕಣ್ಣು ತೆಗೆದರೆ ತಾನೇ ಉಕ್ಕುವುದು ಹಾಲು,
ಅವನಿಗೆ ಹೇಳುವವರಾರು.

ಒಮ್ಮೆ ನಲವತ್ತಾರನೆಯ ನಿಮಿಷಕ್ಕೆ
ಕೆಂಪು ಸಾಲು.
ಎಲ್ಲೋ ಒಂದು ಅರ್ಧವಿರಾಮ ಬಿಟ್ಟುಹೋಗಿತ್ತು.
ಬಿಟ್ಟವಳು ನಾನು. ಯಾರೂ ಬಯ್ಯಲಿಲ್ಲ.
"ಹಿಮ್ಮಡಿ ತಿರುಗಿಸುವುದಿತ್ತು, ಒಳ್ಳೆಯದೇ ಆಯಿತು"
ಅಂದಳು ರೈಯಾ, ತಲೆಯೆತ್ತದೆ.

ಮಾರ್ಚಿನಲ್ಲಿ ಹೊಸ ಸರ್ವರ್ ಬಂತು.
ಈಗ ನಾಲ್ಕೇ ನಿಮಿಷ,
ಕಾಫಿ ಆರುವುದಕ್ಕೂ ಸಾಲದು.
ಗಾಳದ ಡಬ್ಬಿ ಬೀರುವಿನಡಿ ಸೇರಿತು.
ಪಾಸಿ ನಾಲ್ಕೂ ನಿಮಿಷ ನೋಡುತ್ತಾನೆ,
ಯಾಕಿಷ್ಟು ನಿಧಾನ ಎನ್ನುತ್ತಾನೆ.

ಡ್ರಾಯರಿನಲ್ಲಿ ಉಳಿದದ್ದು ಒಂದೂವರೆ ಕಾಲುಚೀಲ.
ಮುಗಿದದ್ದನ್ನು ರೈಯಾ ನನಗೆ ಕೊಟ್ಟಳು, ಯಾಕೋ.
ಚಳಿ ಮಿತಿಮೀರಿದ ದಿನ ಮೇಜಿನಡಿ ಹಾಕಿಕೊಳ್ಳುತ್ತೇನೆ.
ಬಲಗಾಲು ಬೆಚ್ಚಗೆ ಕಾಯುತ್ತದೆ,
ಎಡಗಾಲು ಸುಮ್ಮನೆ ಕಾಯುತ್ತದೆ.