ಜೇಬಿನಲ್ಲಿ ಹತ್ತು ದಿನ

ಶಿಡ್ಲಘಟ್ಟದಲ್ಲಿ ಬೆಳಿಗ್ಗೆ ಏಳೂವರೆಗೆ
ಸ್ಪೆಷಲ್ ಕ್ಲಾಸು. ಹನ್ನೊಂದು ಮಂದಿ.
ಬೆಂದ ಹುಳುವಿನ ವಾಸನೆ
ಕಿಟಕಿ ಮುಚ್ಚಿದರೂ ಹಾಜರಿ ಹಾಕುತ್ತದೆ.

ಬೋರ್ಡಿನ ಮೇಲೆ ಮೂರು ಚೌಕ:
ಕಾಂಗ್ರೆಸ್ಸು, ಅಧ್ಯಕ್ಷ, ಸುಪ್ರೀಂ ಕೋರ್ಟು.
ಕಾಂಗ್ರೆಸ್ಸು ಅಂದರೆ ಪಾರ್ಟಿಯಲ್ಲ, ಅವರ ಪಾರ್ಲಿಮೆಂಟು
ಎಂದು ಪ್ರತಿ ವರ್ಷ ಹೇಳುತ್ತೇನೆ,
ಪ್ರತಿ ವರ್ಷ ಯಾರಾದರೊಬ್ಬ ಪರೀಕ್ಷೆಯಲ್ಲಿ
ಹಸ್ತದ ಗುರುತು ಬರೆದು ಬರುತ್ತಾನೆ.

ಚೌಕದಿಂದ ಚೌಕಕ್ಕೆ ಬಾಣ.
ಇವರು ಅವರನ್ನು ತಡೆಯಬೇಕು, ಅವರು ಇವರನ್ನು.
ಯಾರೂ ಯಾರನ್ನೂ ಪೂರ್ತಿ ನಂಬದಿರುವುದೇ ವ್ಯವಸ್ಥೆ, ಅಂದೆ.
ಹಿಂದಿನ ಬೆಂಚಿನ ಗಂಗುಲಪ್ಪ ತಲೆಯಾಡಿಸಿದ.
ರಜೆಯಲ್ಲಿ ಗೂಡಿನ ಮಾರುಕಟ್ಟೆಯ ತೂಕಕ್ಕೆ ನಿಲ್ಲುವ ಹುಡುಗ;
ಅಲ್ಲಿ ರೈತ ತಕ್ಕಡಿ ನೋಡುತ್ತಾನೆ,
ರೀಲರ್ ರೈತನ ಕೈ ನೋಡುತ್ತಾನೆ,
ಇಬ್ಬರನ್ನೂ ಗೋಡೆಯ ಕ್ಯಾಮೆರಾ ನೋಡುತ್ತದೆ.
"ಕ್ಯಾಮೆರಾನ ಯಾರು ನೋಡ್ತಾರೆ ಸಾರ್?"
ಅದು ಮುಂದಿನ ಅಧ್ಯಾಯ, ಅಂದೆ.
ಮುಂದಿನ ಅಧ್ಯಾಯದಲ್ಲಿ ಅದು ಇಲ್ಲ.

ಆಮೇಲೆ ವೀಟೋ.
ಮಸೂದೆ ಬಂತು. ಅಧ್ಯಕ್ಷ ಸಹಿ ಹಾಕಬಹುದು.
ಬೇಡವೆಂದು ಕಾರಣ ಬರೆದು ಹಿಂತಿರುಗಿಸಬಹುದು;
ಎರಡೂ ಸದನದಲ್ಲಿ ಮೂರರಲ್ಲೆರಡು ಪಾಲು ಹಟ ಹಿಡಿದರೆ
ಅವನ ಬೇಡಕ್ಕೆ ಬೆಲೆಯಿಲ್ಲ.
ಇನ್ನೊಂದಿದೆ ಮಕ್ಕಳೇ, ಬಲು ಮೆತ್ತಗಿನದು:
ಏನೂ ಮಾಡದಿರುವುದು.
ಭಾನುವಾರ ಬಿಟ್ಟು ಹತ್ತು ದಿನ ಸುಮ್ಮನೆ ಇಟ್ಟುಕೊಂಡು,
ಅಷ್ಟರಲ್ಲಿ ಸಭೆ ಮುಗಿದು ಅವರೆಲ್ಲ ಊರಿಗೆ ಹೊರಟರೆ
ಮಸೂದೆ ಸತ್ತಂತೆ. ಕೊಂದವರಿಲ್ಲ.
ಹೆಸರು, ಪಾಕೆಟ್ ವೀಟೋ.

ನುಸ್ರತ್ ಕೈಯೆತ್ತಿದಳು.
ಬೆರಳ ತುದಿಯೆಲ್ಲ ನೆನೆದು ಬೆಳ್ಳಗೆ, ಸುಕ್ಕು;
ಐದು ಗಂಟೆಗೇ ಅಮ್ಮನ ಜೊತೆ ಎಳೆ ಹಿಡಿದು ಬಂದವಳು.
"ಹತ್ತೇ ದಿನಾನಾ ಸಾರ್?
ನಮ್ಮಮ್ಮಂದು ಪಿಂಚಣಿ ಅರ್ಜಿ ನಾಡಕಚೇರಿಯಲ್ಲಿ
ಎರಡು ವರ್ಷದಿಂದ ಇದೆ. ಅದು ಯಾವ ಜೇಬು?"
ಕ್ಲಾಸು ನಕ್ಕಿತು. ಅವಳು ನಗಲಿಲ್ಲ,
ಪೆನ್ನು ಹಿಡಿದು ಉತ್ತರಕ್ಕೆ ಕಾಯುತ್ತಿದ್ದಳು.

ನಾನೂ ನಕ್ಕೆ. ಬೋರ್ಡ್ ಒರೆಸಿದೆ. ಕರ್ಚೀಫಿಗೆಂದು
ಸೀಮೆಸುಣ್ಣದ ಕೈ ಪ್ಯಾಂಟಿನ ಜೇಬಿಗೆ ಹೋಯಿತು.
ಸಿಕ್ಕಿದ್ದು ಕರ್ಚೀಫಲ್ಲ.

ಬೆಳ್ಳಗೆ, ಹಗುರ, ತುಸು ಉದ್ದಕ್ಕೆ ದುಂಡಗೆ,
ಮೈಮೇಲೆ ನವಿರು:
ಮೊದಲು ರೇಷ್ಮೆಗೂಡೇ ಅಂದುಕೊಂಡೆ,
ಈ ಊರಲ್ಲಿ ಯಾರ ಜೇಬಲ್ಲಾದರೂ ಒಂದು ಇದ್ದೀತು.
ಉಗುರಿನಿಂದ ಬಿಡಿಸಿದರೆ ಮಡಿಕೆ, ಮಡಿಕೆಯೊಳಗೆ ಮಡಿಕೆ,
ಆರು ಹುಡುಗಿಯರ ಸಹಿ ಕರಗಿದ ತಿಳಿನೀಲಿ ಕಲೆ.
"ಶೌಚಾಲಯದ ಬಾಗಿಲಿಗೆ ಚಿಲಕ"
ಎಂಬಷ್ಟು ಮಾತ್ರ ಹೇಗೋ ಬದುಕಿತ್ತು.

ಜೂನ್ ಕೊನೆಯಲ್ಲಿ ಕೊಟ್ಟಿದ್ದರು.
ಪ್ರಿನ್ಸಿಪಾಲರಿಗೆ ನೀವು ಹೇಳಿದರೆ ಕೇಳ್ತಾರೆ ಸಾರ್, ಅಂದಿದ್ದರು.
ಆಯ್ತಮ್ಮ, ಅಂದು ಜೇಬಿಗಿಟ್ಟಿದ್ದೆ.
ಬೇಡವೆಂದು ಹಿಂತಿರುಗಿಸಿರಲಿಲ್ಲ. ಕಾರಣ ಬರೆದಿರಲಿಲ್ಲ.
ಪ್ಯಾಂಟು ಎಷ್ಟು ಒಗೆತ ಕಂಡಿತೋ.
ಈಗ ಸೆಪ್ಟೆಂಬರು.

ಈ ಊರ ಹೆಂಗಸರು ಕುದಿನೀರಲ್ಲಿ ಗೂಡಿನ ತುದಿ ಹುಡುಕುತ್ತಾರೆ,
ಸಿಕ್ಕರೆ ಊರಾಚೆಯವರೆಗೆ ಎಳೆ ಬರುತ್ತದೆ.
ನನ್ನದು ಎಳೆದಲ್ಲೆಲ್ಲ ಪುಡಿ.

"ಸಾರ್, ಅದನ್ನ ಮೀರೋಕೆ ಆಗಲ್ವಾ?" ನುಸ್ರತ್ ಬಿಡಲಿಲ್ಲ.
ಆಗುವುದಿಲ್ಲ, ಅಂದೆ ಪುಸ್ತಕದ ಪ್ರಕಾರ,
ಮೊದಲಿನಿಂದ ಹೊಸ ಮಸೂದೆ ಬರೆದು ತರಬೇಕು.
ಎರಡು ಅಂಕದ ಪ್ರಶ್ನೆ, ಗುರುತು ಹಾಕಿಕೊಳ್ಳಿ.

ಗುರುತು ಹಾಕಿಕೊಂಡಳು. ಮಧ್ಯದ ಹಾಳೆಯೊಂದನ್ನು
ಪಿನ್ನಿಗೆ ನೋವಾಗದಂತೆ ಬಿಡಿಸಿಕೊಂಡಳು.
ನಾನು ಸೆನೆಟ್ಟಿನ ಬಗ್ಗೆ ಏನೋ ಹೇಳುತ್ತಲೇ ಇದ್ದೆ.
ಹಾಳೆ ಬೆಂಚಿನಿಂದ ಬೆಂಚಿಗೆ, ಈ ಸಲ ಹುಡುಗರ ಕಡೆಗೂ ಹೋಯಿತು.
ಬೆಲ್ಲಾದಾಗ ನನ್ನ ಮೇಜಿನ ಮುಂದಿನಿಂದಲೇ ಹಾದುಹೋಯಿತು,
ನಿಲ್ಲಲಿಲ್ಲ.

ಸಂಜೆ ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿದೆ.
ಚಿಲಕ ಅರವತ್ತು ರೂಪಾಯಿ.
ಸ್ಕ್ರೂ ಬೇರೆ.